ಆಸ್ಪತ್ರೆಗೆ, ಆಂಬುಲೆನ್ಸ್‌ಗೆ ಹೊಸದಾಗಿ ಸೇರಿದವರ ಕಡ್ಡಾಯ ತರಬೇತಿ: ಮೊದಲು ಕಲಿಯಬೇಕಾದ್ದು

ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, 108 ಆಂಬುಲೆನ್ಸ್‌ನ ಇಎಂಟಿ (ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ), ವಾರ್ಡ್ ಅಟೆಂಡರ್, ಯಾರೇ ಆಗಲಿ, ಕೆಲಸಕ್ಕೆ ಸೇರಿದ ಮೇಲೆ ತರಬೇತಿ ಇದ್ದೇ ಇರುತ್ತದೆ. ಒಂದೇ ದಿನ ರಾಶಿ ಸ್ಲೈಡ್ ತೋರಿಸಿ ರಿಜಿಸ್ಟರ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಷ್ಟೂ ತಲೆಯಲ್ಲಿ ಉಳಿಯುವುದಿಲ್ಲ, ಅಲ್ವಾ? ನನ್ನ ಪ್ರಕಾರ ಮೊದಲು ಕಲಿಯಬೇಕಾದ್ದು ಎರಡು: ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವುದು), ಮತ್ತೆ ಬಳಸಿದ ಸೂಜಿ ಚುಚ್ಚಿದರೆ ಏನು ಮಾಡಬೇಕು ಅನ್ನೋದು. ಆ ಹೊತ್ತಿನಲ್ಲಿ ನೋಟ್ಸ್ ತೆಗೆದು ನೋಡಲು ಪುರಸೊತ್ತು ಸಿಗುವುದಿಲ್ಲ.

ಸಿಪಿಆರ್‌ನಿಂದ ಶುರು ಮಾಡೋಣ. ರೋಗಿ ಭುಜ ತಟ್ಟಿ ಕರೆದರೂ ಓಗೊಡುತ್ತಿಲ್ಲ ಅಂದರೆ ಮೊದಲು ಜೋರಾಗಿ ಸಹಾಯಕ್ಕೆ ಕೂಗಿ, ಕೋಡ್ ಬ್ಲೂ (ಹೃದಯ ನಿಂತಿದೆ, ತಂಡ ಬನ್ನಿ ಅನ್ನುವ ಕರೆ) ಹೇಳಿಸಿ, ಎಇಡಿ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ತರಿಸಿ. ಉಸಿರಾಟ ಮತ್ತು ಕತ್ತಿನ ನಾಡಿ ಒಟ್ಟಿಗೇ ನೋಡಿ, ಅದಕ್ಕೆ 10 ಸೆಕೆಂಡ್ ಮೀರಬಾರದು. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗಾಳಿ ಎಳೆದುಕೊಂಡ ಹಾಗೆ ಕಂಡರೆ ಅದನ್ನು ಉಸಿರಾಟ ಅಂದುಕೊಳ್ಳಬೇಡಿ, ಹೊಸಬರು ಜಾಸ್ತಿ ತಡ ಮಾಡುವುದು ಇಲ್ಲೇ. ನಾಡಿ ಖಚಿತವಾಗಿ ಸಿಗದಿದ್ದರೆ ಒತ್ತಲು ಶುರು ಮಾಡಿ. ಅಂಗೈಯ ಬುಡ ಎದೆಮೂಳೆಯ ಕೆಳ ಅರ್ಧದ ಮೇಲೆ, ಮೊಣಕೈ ನೇರ. ದೊಡ್ಡವರಿಗೆ ಕನಿಷ್ಠ 5 ಸೆಂ.ಮೀ. ಆಳ, 6 ದಾಟಬಾರದು. ನಿಮಿಷಕ್ಕೆ 100ರಿಂದ 120 ವೇಗ. 30 ಸಲ ಒತ್ತಿ 2 ಉಸಿರು ಕೊಡಬೇಕು. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಿ, ಹೃದಯಕ್ಕೆ ಮತ್ತೆ ರಕ್ತ ತುಂಬುವುದು ಆಗಲೇ. ಸುಸ್ತಾದವರ ಕೈ ತಮಗೇ ಗೊತ್ತಾಗದ ಹಾಗೆ ಎದೆಯ ಮೇಲೇ ಭಾರ ಬಿಟ್ಟು ಕೂತುಬಿಡುತ್ತದೆ, ಅದಕ್ಕೇ 2 ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ ಅನ್ನುವುದು. ಮಕ್ಕಳಿಗೆ ಇಬ್ಬರು ಇದ್ದರೆ 15ಕ್ಕೆ 2, ಕೂಸಿಗೆ ಆಳ ಸುಮಾರು 4 ಸೆಂ.ಮೀ.

ಸ್ಲೈಡ್‌ನಲ್ಲಿ ಸಿಗದ ಒಂದು ಮಾತು. ಮೆತ್ತನೆಯ ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆಯೇ ಕುಸಿಯುತ್ತದೆ, ಎದೆ ಅಷ್ಟು ಇಳಿಯುವುದಿಲ್ಲ. ವಾರ್ಡ್‌ನಲ್ಲಿ ಸಿಪಿಆರ್ ಬೋರ್ಡ್ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ. ಆಂಬುಲೆನ್ಸ್‌ನವರು ಮನೆಯೊಳಗೆ ಹೋದಾಗ ರೋಗಿ ಮಂಚದ ಮೇಲಿದ್ದರೆ ನೆಲಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು. ನೀವು ಕುಳ್ಳಗಿದ್ದರೆ ಕಾಲಡಿಗೆ ಸ್ಟೂಲ್ ಬೇಕು, ನಾಚಿಕೊಳ್ಳದೆ ಕೇಳಿ. ಎಇಡಿ ಶಾಕ್ ಕೊಟ್ಟ ಕೂಡಲೇ ನಾಡಿ ಹುಡುಕುತ್ತಾ ನಿಲ್ಲಬೇಡಿ, ಮತ್ತೆ ಒತ್ತಲು ಶುರು ಮಾಡಿ.

ಈಗ ಸೂಜಿ. ಚುಚ್ಚಿತಾ? ಬೆರಳು ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರಿಯಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ರಕ್ತ ಹಾರಿದ್ದರೆ ಬರೀ ನೀರು ಅಥವಾ ಸಲೈನ್ ಸಾಕು. ಆಮೇಲೆ ತಕ್ಷಣ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ ಬೇಕು ಅಂತ ಡಾಕ್ಟರ್ ಹೇಳಿದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಪ್ಪದೆ ನುಂಗಬೇಕು. ಸೋಂಕಿತರ ರಕ್ತದ ಸೂಜಿ ಚುಚ್ಚಿದರೂ ಎಚ್‌ಐವಿ ಬರುವ ಸಾಧ್ಯತೆ ಸುಮಾರು 0.3 ಶೇಕಡಾ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ 30 ಶೇಕಡಾವರೆಗೂ ಹೋಗುತ್ತದೆ. ಆದರೆ ನಾವು ಹೆದರುವುದು ಎಚ್‌ಐವಿಗೆ, ಲಸಿಕೆ ಇರುವ ಕಾಯಿಲೆಯನ್ನು ಮರೆತೇಬಿಡುತ್ತೇವೆ! 0, 1, 6 ತಿಂಗಳಿಗೆ ಮೂರು ಡೋಸ್, ಕೊನೆಯದಾದ 1ರಿಂದ 2 ತಿಂಗಳಿಗೆ ಟೈಟರ್ ಪರೀಕ್ಷೆ, ಅಂದರೆ ಲಸಿಕೆ ಹಿಡಿದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ. ಅದು 10 mIU/mL ಅಥವಾ ಹೆಚ್ಚು ಬರಬೇಕು.

ಬೈಯುತ್ತಾರೆ ಅಂತ ಹೆದರಿ ಎಷ್ಟೋ ಜನ ಸುಮ್ನೆ ಬ್ಯಾಂಡೇಡ್ ಸುತ್ತಿಕೊಂಡು ಡ್ಯೂಟಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಮುನ್ನೆಚ್ಚರಿಕೆಯ ಸಾಮಗ್ರಿ, ಅದರ ತರಬೇತಿ, ಪಿಇಪಿ ಮೂರನ್ನೂ ಕೊಡಬೇಕಾದ್ದು ಕೆಲಸ ಕೊಟ್ಟವರು. ಅದು ನಿಮ್ಮ ಹಕ್ಕು.

ಯಾವ ಕಸ ಯಾವ ಬಣ್ಣದ ಡಬ್ಬಕ್ಕೆ, ಚೀಲಕ್ಕೆ ಅಂತ ಬಾಯಿಪಾಠ ಮಾಡುವ ಬದಲು ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಟ್ರೇಯಲ್ಲಿ ಉಳಿಯುವುದನ್ನು ನೋಡಿ. ಸೂಜಿ ಕಟರ್‌ನಲ್ಲಿ ಕತ್ತರಿಸಿ ಬಿಳಿ ಡಬ್ಬಕ್ಕೆ. ಸೂಜಿ ತೆಗೆದ ಸಿರಿಂಜ್, ಗ್ಲೌಸ್ ಕೆಂಪು ಚೀಲಕ್ಕೆ. ಗಾಜಿನ ಆಂಪೂಲ್ ನೀಲಿಗೆ. ರಕ್ತ ಹತ್ತಿದ ಹತ್ತಿ ಹಳದಿಗೆ. ಇನ್ಸುಲಿನ್ ಸಿರಿಂಜ್‌ಗೆ ಸೂಜಿ ಅಂಟಿಕೊಂಡೇ ಇರುತ್ತದೆ, ಅದು ಇಡಿಯಾಗಿ ಬಿಳಿಗೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲೇಬೇಡಿ. ಕೆಂಪು ಚೀಲದಲ್ಲಿ ಒಂದು ಸೂಜಿ ಉಳಿದರೆ ಅದು ಚುಚ್ಚುವುದು ನಿಮಗಲ್ಲ, ಚೀಲ ಕಟ್ಟುವ ಹೌಸ್‌ಕೀಪಿಂಗ್ ಅಕ್ಕನಿಗೆ. ಯಾವ ರೋಗಿಯ ಸೂಜಿ ಅಂತಲೂ ಆಗ ಗೊತ್ತಾಗುವುದಿಲ್ಲ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುವುದೂ ಇದನ್ನೇ: ಈ ಕಸ ಮುಟ್ಟುವ ಎಲ್ಲರಿಗೂ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೆ ಒಮ್ಮೆಯಾದರೂ ತರಬೇತಿ ಕೊಡಬೇಕು. ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಯನ್ನೂ ಕೊಡಿಸಬೇಕು. ಗುತ್ತಿಗೆ ಕೆಲಸದವರು, ನೈಟ್ ಡ್ಯೂಟಿಯವರು ಇದರಿಂದ ತಪ್ಪಿಹೋಗಬಾರದು.

ಉಳಿದದ್ದು ಬೇಗ ಹೇಳುತ್ತೇನೆ. ಕೈ ತೊಳೆಯುವುದು: ರೋಗಿಯನ್ನು ಮುಟ್ಟುವ ಮೊದಲು, ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕುವಂಥ ಶುದ್ಧ ಕೆಲಸಕ್ಕೆ ಮೊದಲು, ರಕ್ತ ಅಥವಾ ದ್ರವ ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ, ಲಾಕರ್ ಮುಟ್ಟಿದ ಮೇಲೂ. ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ರಬ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60. ಬೆಂಕಿ ಬಿದ್ದರೆ ಮೊದಲು ಹತ್ತಿರದ ರೋಗಿಯನ್ನು ಆಚೆ ತನ್ನಿ, ಅಲಾರಂ ಒತ್ತಿ, ಬಾಗಿಲು ಮುಚ್ಚಿ, ಆಮೇಲೆ ಬೆಂಕಿ ಆರಿಸುವ ಸಿಲಿಂಡರಿನ ಪಿನ್ ಎಳೆದು ಬೆಂಕಿಯ ಬುಡಕ್ಕೆ ಹಿಡಿಯಿರಿ.

ಟೈಟರ್ ರಿಪೋರ್ಟಿನ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಸೂಜಿ ಚುಚ್ಚಿದಾಗ ಕ್ಯಾಶುವಾಲ್ಟಿ ಡಾಕ್ಟರ್ ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.