ಎಂಕ್ಯಾಟ್ ಬರೆಯುವ ಮೊದಲು ಯಾವ ಕೋರ್ಸ್ ಮುಗಿದಿರಬೇಕು?

ಪ್ರಶ್ನೆ: ಅಮೆರಿಕದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಮೆಡಿಕಲ್ ಸ್ಕೂಲ್ ಸೇರಲು ಎಂಕ್ಯಾಟ್ (MCAT) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅಷ್ಟರೊಳಗೆ ಎಲ್ಲ ಕೋರ್ಸೂ ಮುಗಿಯುವುದಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ಉತ್ತರ: ಬಯೋಕೆಮಿಸ್ಟ್ರಿಯನ್ನು ಮಾತ್ರ ಬಿಡಬೇಡಿ. ಒಂದು ಸೆಮಿಸ್ಟರ್ ಸಾಕು, ಆದರೆ ಪರೀಕ್ಷೆಗೆ ಮೊದಲೇ ಮುಗಿದಿರಲಿ.

ಕಾರಣ ಲೆಕ್ಕದಲ್ಲೇ ಇದೆ. 2015ರಲ್ಲಿ ಪರೀಕ್ಷೆ ಹೊಸ ರೂಪ ಪಡೆದ ಮೇಲೆ ಅದರಲ್ಲಿ ನಾಲ್ಕು ವಿಭಾಗಗಳಿವೆ. ಜೀವವಿಜ್ಞಾನದ ವಿಭಾಗದಲ್ಲೂ ರಸಾಯನ-ಭೌತ ವಿಭಾಗದಲ್ಲೂ ತಲಾ 59 ಪ್ರಶ್ನೆ. ಎರಡರಲ್ಲೂ ಸುಮಾರು ಶೇ 25 ಬಯೋಕೆಮಿಸ್ಟ್ರಿ. ಅಂದರೆ 30ರ ಆಸುಪಾಸು ಪ್ರಶ್ನೆಗಳು. ಎಲ್ಲರ ನಿದ್ದೆಗೆಡಿಸುವ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಪಾಲು ಈ ವಿಭಾಗಗಳಲ್ಲಿ ಶೇ 5 ಮತ್ತು ಶೇ 15, ಅಷ್ಟೇ. ಹಾಗೆಂದು ಅದನ್ನು ಹಾರಿಸಲಾಗದು, ಬಯೋಕೆಮಿಸ್ಟ್ರಿಗೆ ಸೇರಿಸಿಕೊಳ್ಳಲು ಕಾಲೇಜುಗಳು ಸಾಮಾನ್ಯವಾಗಿ ಅದನ್ನೇ ಕೇಳುತ್ತವೆ.

ಸೈಕಾಲಜಿ? ಅದರ ವಿಭಾಗದಲ್ಲಿ ಶೇ 65 ಅದೇ, ಇನ್ನೊಂದು ಶೇ 30 ಸೋಶಿಯಾಲಜಿ. ಅಂಕದ ದೃಷ್ಟಿಯಿಂದ ಇದು ಬಯೋಕೆಮಿಸ್ಟ್ರಿಗಿಂತ ಕಡಿಮೆಯೇನಲ್ಲ. ಆದರೂ ಜಾಗವಿಲ್ಲದಿದ್ದರೆ ನಾನು ಬಿಡುವುದು ಇವುಗಳನ್ನೇ. ಪರಿಭಾಷೆ ಬಾಯಿಗೆ ಬಂದರೆ, ಒಂದಷ್ಟು ಪ್ರಯೋಗಗಳ ತರ್ಕ ತಿಳಿದರೆ ಸ್ವಂತ ಓದಿನಿಂದಲೇ ಗೆಲ್ಲಬಹುದು. ಎನ್‌ಜೈಮ್‌ಗಳ ವೇಗ, ಅವನ್ನು ತಡೆಯುವ ಪ್ರತಿಬಂಧಕಗಳು, 20 ಅಮೈನೋ ಆಮ್ಲಗಳು ಯಾವ ಪಿಎಚ್‌ನಲ್ಲಿ ಯಾವ ಚಾರ್ಜ್ ಹೊತ್ತಿರುತ್ತವೆ ಎಂಬುದು ಹಾಗಲ್ಲ. ಇವು ವಾರವಾರ ಲೆಕ್ಕ ಬಿಡಿಸಿ, ತಪ್ಪಿ, ತಿದ್ದಿಕೊಂಡಾಗಲೇ ಒಳಗಿಳಿಯುತ್ತವೆ.

ಫಿಸಿಕ್ಸ್ ಒಂದು ವಿಭಾಗದಲ್ಲಿ ಶೇ 25. ಎರಡನೇ ಸೆಮಿಸ್ಟರ್ ಪರೀಕ್ಷೆಯ ಜೊತೆಜೊತೆಗೇ ನಡೆದರೂ ಸುಧಾರಿಸಬಹುದು. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬಳಸಲು ಬಿಡುವುದಿಲ್ಲ, ಆದ್ದರಿಂದ ಈಗಿನಿಂದಲೇ ಕೈಲೆಕ್ಕ ರೂಢಿಸಿಕೊಳ್ಳಿ.

ಓದಿ ವಿಮರ್ಶಿಸುವ ವಿಭಾಗಕ್ಕೆ, ಅಂದರೆ ಕಾರ್ಸ್‌ಗೆ, ಯಾವ ಕೋರ್ಸೂ ಬೇಡ. 53 ಪ್ರಶ್ನೆ, 90 ನಿಮಿಷ, ಉತ್ತರವೆಲ್ಲ ಕೊಟ್ಟ ಗದ್ಯದಲ್ಲೇ ಇರುತ್ತದೆ. ಆದರೆ ಕಾಲೇಜಿನಲ್ಲಿ ಹೇಗೂ ಒಂದು ಮಾನವಿಕ ವಿಷಯ ಆರಿಸಬೇಕಿದ್ದರೆ ಫಿಲಾಸಫಿಯಂಥ, ಕಷ್ಟದ ವಾದವನ್ನು ಸಾಲುಸಾಲಾಗಿ ಓದಿಸುವ ತರಗತಿಯನ್ನೇ ತೆಗೆದುಕೊಳ್ಳಿ. ಈ ವಿಭಾಗಕ್ಕೆ ಕೊನೆಯ ಮೂರು ತಿಂಗಳ ಓದು ಅನೇಕರಿಗೆ ಸಾಲುವುದಿಲ್ಲ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಇಂತಿಂಥ ಕೋರ್ಸ್ ಮುಗಿಸಿದ್ದರೆ ಮಾತ್ರ ಎಂಕ್ಯಾಟ್ ಬರೆಯಬಹುದು ಎಂಬ ನಿಯಮವಿಲ್ಲ. ಕಡ್ಡಾಯ ಕೋರ್ಸುಗಳನ್ನು ಗೊತ್ತುಮಾಡುವುದು ಆಯಾ ಮೆಡಿಕಲ್ ಸ್ಕೂಲ್. ಅವುಗಳಲ್ಲಿ ಬಾಕಿ ಉಳಿದದ್ದನ್ನು ಸಾಮಾನ್ಯವಾಗಿ ಪರೀಕ್ಷೆಯ ನಂತರ, ಸೇರುವುದರೊಳಗೆ ಮುಗಿಸಿದರಾಯಿತು. ಅನಾಟಮಿ, ಇಮ್ಯುನಾಲಜಿಯಂಥ ಮೇಲಿನ ಹಂತದ ಕೋರ್ಸುಗಳನ್ನು ನಿಶ್ಚಿಂತೆಯಿಂದ ಮುಂದೂಡಿ.

ಪರೀಕ್ಷೆ ನಡೆಯುವುದು ಜನವರಿಯಿಂದ ಸೆಪ್ಟೆಂಬರ್‌ವರೆಗೆ. ಮೂರನೇ ವರ್ಷದ ಮೊದಲ ಸೆಮಿಸ್ಟರ್‌ನಲ್ಲಿ ಬಯೋಕೆಮಿಸ್ಟ್ರಿ ಮುಗಿಸಿ ಮುಂದಿನ ವಸಂತದಲ್ಲಿ ಬರೆದರೆ ಕಲಿತದ್ದು ಇನ್ನೂ ಹಸಿಯಾಗಿರುತ್ತದೆ. ನಿಮ್ಮ ಕಾಲೇಜಿನಲ್ಲಿ ಆ ಕೋರ್ಸ್ ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ, ಅದಕ್ಕೆ ಮೊದಲು ಆರ್ಗ್ಯಾನಿಕ್ ಒಂದು ಸೆಮಿಸ್ಟರ್ ಬೇಕೋ ಎರಡೋ ಎಂಬುದನ್ನು ಈ ವಾರವೇ ಅಡ್ವೈಸರ್ ಬಳಿ ಕೇಳಿ.