‘ಸಿಮಿಲಾರಿಟಿ 9 ಪರ್ಸೆಂಟ್ ಬಂದಿದೆ, ಥೀಸಿಸ್ ಸಲ್ಲಿಸಬಹುದಲ್ವಾ ಸರ್?’

ಸಲ್ಲಿಸಬಹುದು. ಸಿಮಿಲಾರಿಟಿ ಅಂದರೆ ನಿಮ್ಮ ಬರಹ ಈಗಾಗಲೇ ಇರುವ ಬರಹಗಳನ್ನು ಎಷ್ಟು ಹೋಲುತ್ತದೆ ಎಂದು ತಂತ್ರಾಂಶ ಕೊಡುವ ಲೆಕ್ಕ, 9ರ ಅಂಕಿಗೆ ನಿಯಮ ಅಡ್ಡ ಬರುವುದಿಲ್ಲ. ಆದರೆ ಈ ಪ್ರಶ್ನೆಯ ಬೆನ್ನಿಗೇ ಒಂದು ನಂಬಿಕೆ ಅಂಟಿಕೊಂಡಿದೆ: ಹತ್ತು ಪರ್ಸೆಂಟ್‌ವರೆಗೆ ಕಾಪಿ ಮಾಡಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅನುಮತಿ ಕೊಟ್ಟಿದೆ ಅಂತ. ಪಿಎಚ್‌ಡಿ ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ನೀತಿಯ 30 ಗಂಟೆಯ ಕಡ್ಡಾಯ ಪತ್ರಿಕೆ ಮುಗಿಸಿ ಬಂದವರೂ ಇದನ್ನೇ ಹೇಳುತ್ತಾರೆ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ: ಅಂಥ ಅನುಮತಿ ಇಲ್ಲ.

2018ರ ಯುಜಿಸಿ ನಿಯಮಾವಳಿ ಶೇ. 10ರವರೆಗಿನ ಹೋಲಿಕೆಯನ್ನು ಸಣ್ಣಪುಟ್ಟದ್ದೆಂದು ಕಂಡು ದಂಡ ಹಾಕುವುದಿಲ್ಲ, ಅಷ್ಟೆ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಹೋದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಮಾತು, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಯಾವುದೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಇವನ್ನೆಲ್ಲ ಕಳೆದ ಮೇಲೂ ಉಳಿದದ್ದು ನಿಮ್ಮ 9.

ಇನ್ನೂರು ಪುಟದ ಥೀಸಿಸ್‌ನಲ್ಲಿ ಶೇ. 9 ಅಂದರೆ ಹದಿನೆಂಟು ಪುಟ. ಅದು ನಲವತ್ತು ಮೂಲಗಳಿಗೆ ಚೂರುಚೂರಾಗಿ ಹಂಚಿಹೋಗಿದ್ದರೆ ಬಹುಪಾಲು ‘ಪ್ರಸ್ತುತ ಅಧ್ಯಯನದ ಉದ್ದೇಶವೆಂದರೆ’ ಎಂಬಂಥ ಎಲ್ಲರೂ ಬರೆಯುವ ಸಾಲುಗಳೇ ಇರುತ್ತವೆ. ಒಂದೇ ಮೂಲದಿಂದ ಬಂದಿದ್ದರೆ ಇನ್ನೊಬ್ಬರ ಒಂದು ಅಧ್ಯಾಯವೇ ನಿಮ್ಮ ಹೆಸರಿನಲ್ಲಿ ಕೂತಿದೆ. ಅಂಕಿ ಎರಡು ಕಡೆಯೂ ಒಂದೇ! ಹಾಗಾಗಿ ರಿಪೋರ್ಟಿನ ಮೊದಲ ಪುಟ ಮಾತ್ರ ಪ್ರಿಂಟ್ ತೆಗೆದು ಗೈಡ್‌ಗೆ ಕೊಡಬೇಡಿ. ಮೂಲಗಳ ಪಟ್ಟಿ ತೆರೆದು, ದೊಡ್ಡದರಿಂದ ಶುರುಮಾಡಿ, ಎರಡೂ ಪ್ಯಾರಾಗಳನ್ನು ಅಕ್ಕಪಕ್ಕ ಇಟ್ಟು ಓದಿ. ಮೂಲದ ಮಾತೇ ಬೇಕಿದ್ದರೆ ಉದ್ಧರಣ ಚಿಹ್ನೆ ಹಾಕಿ. ಬೇಡವಾದರೆ ಮೂಲವನ್ನು ಮುಚ್ಚಿಟ್ಟು, ಅರ್ಥವಾದದ್ದನ್ನು ನಿಮ್ಮ ವಾಕ್ಯದಲ್ಲಿ ಬರೆಯಿರಿ. ಎರಡರಲ್ಲೂ ಪುಟಸಂಖ್ಯೆ ಸಮೇತ ಉಲ್ಲೇಖ ಬೇಕೇ ಬೇಕು. ‘ಮಹತ್ವ’ ತೆಗೆದು ‘ಪ್ರಾಮುಖ್ಯ’ ಹಾಕಿದರೆ ಪರ್ಸೆಂಟ್ ಇಳಿಯಬಹುದು, ಕೃತಿಚೌರ್ಯ ಹಾಗೇ ಉಳಿಯುತ್ತದೆ.

ಕನ್ನಡದಲ್ಲಿ ಬರೆಯುವವರು ಸೊನ್ನೆ ಪರ್ಸೆಂಟ್ ಬಂದರೂ ನಿಶ್ಚಿಂತರಾಗಬಾರದು. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ, ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡ, ತಂತ್ರಾಂಶಕ್ಕೆ ರೋಮನ್ ಅಕ್ಷರಗಳ ಗೋಜಲು. ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅಲ್ಲಿ ಕನ್ನಡ ಮೂಡದಿದ್ದರೆ ತಪಾಸಣೆ ನಡೆದೇ ಇಲ್ಲ ಎಂದು ತಿಳಿಯಿರಿ. ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರ ತಿದ್ದಿಕೊಂಡು ಮತ್ತೆ ಅಪ್‌ಲೋಡ್ ಮಾಡಿಸಿ. ಇಂಗ್ಲಿಷ್ ಲೇಖನವನ್ನು ಸಾಲುಸಾಲಾಗಿ ಕನ್ನಡಕ್ಕಿಳಿಸಿದ್ದು ಆಗಲೂ ಸಿಕ್ಕಿಬೀಳದೇ ಹೋಗಬಹುದು, ಆದರೆ ಆ ವಿಷಯ ಓದಿಕೊಂಡ ಪರೀಕ್ಷಕರು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹಿಡಿಯುತ್ತಾರೆ.

‘ಶೋಧಗಂಗಾದಲ್ಲಿ ನನ್ನ ವಿಷಯದ ಮೇಲೆ ಕನ್ನಡದಲ್ಲಿ ಏನೂ ಇಲ್ಲ’ ಎಂದು ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ಸಾರಲೇಖ) ಬರೆಯುವವರಿಗೂ ಇದೇ ಮಾತು. ಶೋಧಗಂಗಾ ಅಂದರೆ ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳ ಆನ್‌ಲೈನ್ ಭಂಡಾರ. ಹಳೆಯ ಫಾಂಟಿನ, ಸ್ಕ್ಯಾನ್ ಮಾಡಿದ ಪುಟಗಳೊಳಗಿನ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಶೀರ್ಷಿಕೆಗಳೂ ಎಷ್ಟೋ ಕಡೆ ರೋಮನ್ ಲಿಪಿಯಲ್ಲಿವೆ, ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ. ಒಂದೇ ಪದವನ್ನು ಮೂರ್ನಾಲ್ಕು ರೀತಿ ಟೈಪ್ ಮಾಡಿ ಹುಡುಕಿ. ಆಮೇಲೆ ವಿಶ್ವವಿದ್ಯಾಲಯ, ಅದರೊಳಗೆ ಕನ್ನಡ ವಿಭಾಗ ಆರಿಸಿ ಪಟ್ಟಿ ಪೂರ್ತಿ ನೋಡಿ. ‘ಇಲ್ಲ’ ಎಂದು ಬರೆಯುವುದು ಅದಾದ ಮೇಲೆ.