ಸಣ್ಣ ಫ್ರೆಂಚ್ ರೆಸ್ಟೋರೆಂಟ್‌ನಲ್ಲಿ ಹುಟ್ಟುಹಬ್ಬದ ಊಟ: ಅಜ್ಜಿ, ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಅಮ್ಮನ 60ನೇ ಹುಟ್ಟುಹಬ್ಬಕ್ಕೆ ಮನೆ ಹತ್ತಿರದ ಒಂದು ಸಣ್ಣ ಫ್ರೆಂಚ್ ರೆಸ್ಟೋರೆಂಟ್‌ಗೆ ಹೋಗೋಣ ಅಂದುಕೊಂಡಿದ್ದೇವೆ. ಒಟ್ಟು 9 ಜನ. ಅಜ್ಜಿ ಮಾಂಸ, ಮೀನು ಮುಟ್ಟುವುದಿಲ್ಲ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಮೆನು ನೋಡಿದರೆ ಅರ್ಧ ಹೆಸರುಗಳು ಗೊತ್ತೇ ಆಗುತ್ತಿಲ್ಲ. ಅಲ್ಲಿ ಹೋಗಿ ಪೇಚಾಡುವ ಬದಲು ಬೇರೆ ಕಡೆ ಹೋಗುವುದೇ ಒಳ್ಳೆಯದಾ?

ಅಲ್ಲಿಗೇ ಹೋಗಿ. ಆದರೆ ಮೂರ್ನಾಲ್ಕು ದಿನ ಮೊದಲೇ ಒಂದು ಫೋನ್ ಮಾಡಿ. ಟೇಬಲ್ ಬುಕ್ ಮಾಡುವುದಕ್ಕಷ್ಟೇ ಅಲ್ಲ, ಅಡುಗೆ ವಿಷಯ ಮಾತಾಡುವುದಕ್ಕೆ. ನಿಮ್ಮ ಮುಕ್ಕಾಲು ಪಾಲು ಚಿಂತೆ ಆ ಒಂದು ಫೋನ್‌ನಲ್ಲೇ ಕಳೆಯುತ್ತದೆ.

ಯಾಕೆ ಅಂದರೆ, ಇಂಥ ಸಣ್ಣ ಜಾಗಗಳಲ್ಲಿ ಅಡುಗೆಯವರು ಒಬ್ಬರೋ ಇಬ್ಬರೋ ಇರುತ್ತಾರೆ. ಫ್ರೆಂಚ್ ಅಡುಗೆಯ ರುಚಿಯೆಲ್ಲ ಇರುವುದು ಸ್ಟಾಕ್ (ಮೂಳೆ, ಮಾಂಸ, ತರಕಾರಿ ಕುದಿಸಿ ತೆಗೆದ ತಿಳಿಸಾರು) ಮತ್ತು ಸಾಸ್‌ನಲ್ಲಿ, ಅದನ್ನು ಗಂಟೆಗಟ್ಟಲೆ ಮೊದಲೇ ಕುದಿಸಿ ಇಟ್ಟಿರುತ್ತಾರೆ. ರಾತ್ರಿ ಎಂಟು ಗಂಟೆಗೆ ಟೇಬಲ್ ಮುಂದೆ ಕೂತು "ಇದರಲ್ಲಿ ಮಾಂಸ ಬೇಡ" ಅಂದರೆ, ಮೂಳೆ ಹಾಕಿ ಬೇಯಿಸಿದ ಸ್ಟಾಕ್‌ನಿಂದ ಯಾರೂ ಅದನ್ನು ಹೊರಗೆ ತೆಗೆಯಲಾರರು. ಅದೇ ಮಾತನ್ನು ಮೂರು ದಿನ ಮುಂಚೆ ಹೇಳಿದರೆ ಅಜ್ಜಿಗೆ ಅಂತಲೇ ಬೇರೆ ಏನಾದರೂ ಮಾಡಿಡಬಹುದು. ಮಾಡುವವರು ಖುಷಿಯಿಂದಲೇ ಮಾಡುತ್ತಾರೆ, ಹುಟ್ಟುಹಬ್ಬ ಅಂದರೆ ಇನ್ನೂ ಜಾಸ್ತಿ.

ಆದರೆ "ಸಸ್ಯಾಹಾರ ಇದೆಯಾ?" ಅಂತ ಸುಮ್ನೆ ಕೇಳಿ ಬಿಡಬೇಡಿ. ಅದಕ್ಕೆ "ಇದೆ" ಅನ್ನುವ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ಹೆಸರು ಹಿಡಿದು ಕೇಳಿ. ಈರುಳ್ಳಿ ಸೂಪ್ ಹೆಸರಿಗೆ ಈರುಳ್ಳಿಯದು, ಆದರೆ ಸಾಮಾನ್ಯವಾಗಿ ಮಾಡುವುದು ದನದ ಮಾಂಸದ ಸ್ಟಾಕ್‌ನಲ್ಲಿ. ಮೊಟ್ಟೆ, ಕ್ರೀಮ್ ತುಂಬಿ ಬೇಯಿಸುವ ಕಿಶ್ ಲೊರೇನ್‌ನಲ್ಲಿ ಹಂದಿ ಮಾಂಸದ ಸಣ್ಣ ತುಂಡುಗಳಿರುತ್ತವೆ. ನೀಸ್ವಾಸ್ ಸಲಾಡ್‌ನಲ್ಲಿ ಆಂಚೊವಿ ಅಥವಾ ಟ್ಯೂನಾ ಮೀನು, ಜೊತೆಗೆ ಮೊಟ್ಟೆ. ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿ, ಝುಕಿನಿ ಹಾಕಿ ಆಲಿವ್ ಎಣ್ಣೆಯಲ್ಲಿ ಬೇಯಿಸುವ ರಾಟಟೂಯಿ ಅಜ್ಜಿಗೆ ಸರಿಯಾಗುತ್ತದೆ. ಆಲೂಗಡ್ಡೆ, ಕ್ರೀಮ್, ಬೆಳ್ಳುಳ್ಳಿಯ ಗ್ರಾಟನ್ ದೊಫಿನ್ವಾ ಕೂಡ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೂ ಸ್ಟಾಕ್ ಹಾಕಿದ್ದೀರಾ ಅಂತ ಒಂದು ಮಾತು ಕೇಳಿಬಿಡಿ.

ಚೀಸ್ ವಿಷಯ ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ. ಕೋಂತೆಯಂಥ ಸಾಂಪ್ರದಾಯಿಕ ಫ್ರೆಂಚ್ ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕೆಲವು ಡೆಸರ್ಟ್‌ಗಳಿಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಹಾಕುತ್ತಾರೆ. ಮೇಲೆ ಸಕ್ಕರೆ ಸುಟ್ಟ ಕ್ರೀಮಿನ ಸಿಹಿ, ಕ್ರೆಮ್ ಬ್ರೂಲೆ, ನಿಂತಿರುವುದೇ ಮೊಟ್ಟೆಯ ಹಳದಿ ಮೇಲೆ. ಅಜ್ಜಿ ಎಷ್ಟರ ಮಟ್ಟಿಗೆ ಕಟ್ಟುನಿಟ್ಟು ಅನ್ನುವುದು ನಿಮಗೇ ಗೊತ್ತು. ಅದನ್ನು ಅಡುಗೆಯವರಿಗೆ ಬಿಡಿಸಿ ಹೇಳಿ, ಸಂಕೋಚ ಬೇಡ. ವಯಸ್ಸಾದವರು ತಮ್ಮಿಂದ ಎಲ್ಲರಿಗೂ ತೊಂದರೆ ಆಯಿತು ಅಂತ ಬರೀ ಬ್ರೆಡ್ ತಿಂದು ಎದ್ದು ಬರುವುದು ನೋಡೋಕೆ ಆಗಲ್ಲ, ಅಲ್ವಾ?

ಇನ್ನು ವೈನ್. ಬಫ್ ಬೂರ್ಗಿನ್ಯೋನ್ ದನದ ಮಾಂಸವನ್ನು ಕೆಂಪು ವೈನ್‌ನಲ್ಲಿ ಬೇಯಿಸಿದ್ದು, ಕೊಕ್ ಒ ವ್ಯಾನ್ ಕೋಳಿಯನ್ನು ವೈನ್‌ನಲ್ಲಿ ಬೇಯಿಸಿದ್ದು. ಬೇಯಿಸಿದರೆ ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ. ಮದ್ಯ ಬೇಡ ಅನ್ನುವವರು ಇದ್ದರೆ ಅದನ್ನೂ ಫೋನ್‌ನಲ್ಲೇ ಹೇಳಿ. ಸ್ಟೇಕ್ ಟಾರ್ಟಾರ್ ಅಂದರೆ ಹಸಿ ಮಾಂಸ. ಗೊತ್ತಿಲ್ಲದೆ ಆರ್ಡರ್ ಮಾಡಬೇಡಿ, ಮಕ್ಕಳಿಗಂತೂ ಬೇಡವೇ ಬೇಡ.

9 ಜನ 9 ಥರ ಹೇಳಿದರೆ ಸಣ್ಣ ಅಡುಗೆಮನೆ ತಡವರಿಸುತ್ತದೆ. ಗುಂಪಿಗೆ ಅಂತ ನಿಗದಿ ಮಾಡಿದ ಮೆನು ಇದೆಯಾ ಕೇಳಿ, ಹೆಚ್ಚಾಗಿ ಇರುತ್ತದೆ. ಶುರುವಿಗೆ ಎರಡು ಆಯ್ಕೆ, ಮುಖ್ಯ ಊಟಕ್ಕೆ ಎರಡು, ಸಿಹಿಗೆ ಎರಡು, ಅಷ್ಟು ಸಾಕು. ಹೀಗೆ ಮಾಡಿದರೆ ಆ ಕಷ್ಟದ ಹೆಸರುಗಳನ್ನು ಹೇಳುವ ಪ್ರಸಂಗವೇ ಬರುವುದಿಲ್ಲ. ಮೆನು ಕಾರ್ಡ್ ನೋಡಿಯೇ ಆರ್ಡರ್ ಮಾಡುವುದಾದರೆ ಒಂದು ಎಚ್ಚರ: ಫ್ರೆಂಚ್ ಕ್ರಮದಲ್ಲಿ ಆಂಟ್ರೆ ಅಂದರೆ ಶುರುವಿನ ತಿನಿಸು, ಅಮೆರಿಕದಲ್ಲಿ ಅದೇ ಪದ ಮುಖ್ಯ ಊಟಕ್ಕೆ.

ಮಕ್ಕಳ ವಿಷಯದಲ್ಲಿ ನಿಜವಾದ ಕಷ್ಟ ರುಚಿಯದಲ್ಲ, ಸಮಯದ್ದು. ಎಲ್ಲವನ್ನೂ ಒಟ್ಟಿಗೆ ಟೇಬಲ್ ಮೇಲೆ ಹರಡುವ ಪದ್ಧತಿ ಫ್ರಾನ್ಸ್‌ನಲ್ಲಿ ಹಿಂದೆ ಇತ್ತು. 19ನೇ ಶತಮಾನದಲ್ಲಿ ಒಂದಾದ ಮೇಲೆ ಒಂದು ತಂದುಕೊಡುವ ರಷ್ಯನ್ ಪದ್ಧತಿ ಬಂದು ಅದೇ ನೆಲೆಯಾಯಿತು. 2010ರಲ್ಲಿ ಯುನೆಸ್ಕೊ ಫ್ರೆಂಚರ ಔತಣದ ಊಟವನ್ನೇ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಅದನ್ನು ವಿವರಿಸಿರುವುದೇ ಹುಟ್ಟುಹಬ್ಬ, ಮದುವೆಯಂಥ ಸಂದರ್ಭಗಳಲ್ಲಿ ಎಲ್ಲರೂ ಸೇರಿ ಮಾಡುವ ಊಟ ಅಂತ, ಶುರುವಿನ ತಿನಿಸು, ತರಕಾರಿ ಜೊತೆ ಮೀನೋ ಮಾಂಸವೋ, ಚೀಸ್, ಸಿಹಿ ಅಂತ ಕನಿಷ್ಠ ನಾಲ್ಕು ಸುತ್ತು ಇರುವಂಥದ್ದು. ಅಂದರೆ ನಿಧಾನವಾಗಿ ತರುವುದು ಅವರ ಉದಾಸೀನವಲ್ಲ, ಊಟದ ರೀತಿಯೇ ಹಾಗೆ. ಎರಡು ಗಂಟೆ ಆರಾಮವಾಗಿ ಹಿಡಿಯುತ್ತದೆ.

ದೊಡ್ಡವರಿಗೆ ಇದೇ ಸುಖ. ಮೊಬೈಲ್ ಬದಿಗಿಟ್ಟು, ಒಂದು ತಟ್ಟೆ ಹೋಗಿ ಇನ್ನೊಂದು ಬರುವ ಮಧ್ಯೆ ಅಮ್ಮನ ಹಳೇ ಕತೆಗಳನ್ನು ಕೇಳುವುದಕ್ಕೆ ಇಷ್ಟು ಬಿಡುವು ಬೇರೆಲ್ಲೂ ಸಿಗುವುದಿಲ್ಲ. ಚಿಕ್ಕವರಿಗೆ ಅಷ್ಟು ಹೊತ್ತು ಕೂರೋದು ಕಷ್ಟ. ಹಾಗಾಗಿ ರೆಸ್ಟೋರೆಂಟ್ ತೆರೆಯುವ ಹೊತ್ತಿಗೇ ಟೇಬಲ್ ಬುಕ್ ಮಾಡಿ. ದೊಡ್ಡವರಿಗೆ ಮೊದಲ ಸುತ್ತು ಬರುವಾಗಲೇ ಮಕ್ಕಳ ಮುಖ್ಯ ಊಟ ತಂದುಕೊಡಿ ಅಂತ ಹೇಳಿ. ಮೂಲೆಯ ಟೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಬಣ್ಣದ ಪೆನ್ಸಿಲ್ ಜೊತೆಗಿರಲಿ.

ಕೇಕ್ ಹೊರಗಿನಿಂದ ತರುವುದಾದರೆ ಮೊದಲೇ ಅನುಮತಿ ಕೇಳಿ, ಕೆಲವರು ಅದಕ್ಕೆ ಬೇರೆ ದುಡ್ಡು ಹಾಕುತ್ತಾರೆ. ನನ್ನನ್ನು ಕೇಳಿದರೆ ಅಲ್ಲಿಯದೇ ಇಡೀ ಟಾರ್ಟ್ ಟಾಟಾನ್ ಒಂದನ್ನು ಮಾಡಿಸಿ. ಬೆಣ್ಣೆ, ಸಕ್ಕರೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಸೇಬು, ತಲೆಕೆಳಗಾಗಿ ಬೇಯಿಸಿ ಮಗುಚಿದ್ದು, ಬಿಸಿಬಿಸಿ ಇರುವಾಗಲೇ ಹಂಚಿ ತಿನ್ನುವಂಥದ್ದು. ಮೇಣದಬತ್ತಿ ಅದರ ಮೇಲೂ ನಿಲ್ಲುತ್ತದೆ. ಸೂಫ್ಲೆ (ಮೊಟ್ಟೆಯ ಬಿಳಿ ಕಡೆದು ಹಾಕಿ ಉಬ್ಬಿಸುವ ಸಿಹಿ) ಆಸೆ ಇದ್ದರೆ ಊಟದ ಶುರುವಿನಲ್ಲೇ ಹೇಳಿ, ಅದನ್ನು ತಿನ್ನುವ ಹೊತ್ತಿಗೆ ಸರಿಯಾಗಿ ಓವನ್‌ಗೆ ಇಟ್ಟು ತೆಗೆಯಬೇಕು. ಅದು ಉಬ್ಬಿದ ಕೂಡಲೇ ಇಳಿಯಲು ಶುರುವಾಗುತ್ತದೆ, ಆ ಹೊತ್ತಿನಲ್ಲಿ ಭಾಷಣ, ಫೋಟೊ ಯಾವುದೂ ಬೇಡ.

ಫ್ರೆಂಚ್ ಪದ್ಧತಿಯಲ್ಲಿ ಬಿಲ್ ನೀವು ಕೇಳುವವರೆಗೂ ಸಾಮಾನ್ಯವಾಗಿ ಬರುವುದಿಲ್ಲ, ಕೇಳದೆ ತರುವುದು ಎಬ್ಬಿಸಿ ಕಳಿಸಿದ ಹಾಗೆ ಅಂತ ಅವರ ಲೆಕ್ಕ. ಮಕ್ಕಳಿಗೆ ನಿದ್ದೆ ಬರುತ್ತಿದ್ದರೆ ಕಾಫಿ ಹೇಳುವಾಗಲೇ ಬಿಲ್ ಕೂಡ ತರಲು ಹೇಳಿಬಿಡಿ.